ಕಪ್ಪಾಗುವ ಗೀಳು, ಬೆಳ್ಳಗಾಗುವ ಗೀಳು

ಏಪ್ರಿಲ್ ಬಂತೆಂದರೆ ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆಯ ಕಡೆಯ ಬ್ಯೂಟಿ ಪಾರ್ಲರ್‌ಗಳಲ್ಲಿ ‘ಡಿ-ಟ್ಯಾನ್’ ಮಾಡಿಸಿಕೊಳ್ಳುವವರು ಹೆಚ್ಚುತ್ತಾರೆ. ಮದುವೆ ಗೊತ್ತಾದ ಹುಡುಗಿಯರು, ದಿನವೂ ಸ್ಕೂಟಿಯಲ್ಲಿ ಕಾಲೇಜಿಗೆ ಓಡಾಡುವವರು, ಈಗೀಗ ಹುಡುಗರೂ ಬಂದು, ಮೊಣಕೈಯಿಂದ ಕೆಳಗೆ ಮತ್ತು ಕೊರಳಿನ ಸುತ್ತ ಬಿಸಿಲು ಉಳಿಸಿಹೋದ ಕಪ್ಪನ್ನು ತೆಗೆದುಕೊಡಿ ಎಂದು ಕೇಳುತ್ತಾರೆ. ನಮ್ಮಲ್ಲಿ ‘ಟ್ಯಾನ್ ಆಗಿದೆ’ ಎನ್ನುವುದು ದೂರಿನ ಮಾತು. ಯುರೋಪು, ಅಮೆರಿಕಗಳಲ್ಲಿ ಇದೇ ಟ್ಯಾನ್ ದುಡ್ಡು ಕೊಟ್ಟು ಪಡೆಯುವ ಬಣ್ಣ. ಅಲ್ಲಿ ಸಮುದ್ರತೀರದಲ್ಲಿ ಗಂಟೆಗಟ್ಟಲೆ ಮೈಯೊಡ್ಡಿ ಮಲಗುವವರಿದ್ದಾರೆ. ಚಳಿಗಾಲದಲ್ಲಿ ಬಿಸಿಲು ಸಿಗದಿದ್ದಾಗ ನೇರಳಾತೀತ ದೀಪಗಳನ್ನು ಜೋಡಿಸಿದ ಟ್ಯಾನಿಂಗ್ ಹಾಸಿಗೆಯ ಮೇಲೆ ಮಲಗಿ ಮೈ ಕಂದಾಗಿಸಿಕೊಳ್ಳುವವರಿದ್ದಾರೆ. ಅವರಲ್ಲಿ ಕೆಲವರಿಗೆ ಅದನ್ನು ಬಿಡಲು ಆಗುವುದೇ ಇಲ್ಲ. ಚರ್ಮ ಸುಟ್ಟು ಸುಲಿದರೂ, ವೈದ್ಯರು ಎಚ್ಚರಿಸಿದರೂ, ಮನೆಯವರು ಬೇಡಿಕೊಂಡರೂ, ಕನ್ನಡಿಯ ಮುಂದೆ ನಿಂತರೆ ಅವರ ಕಣ್ಣಿಗೆ ತಾವು ಇನ್ನೂ ಬಿಳಿಚಿಕೊಂಡಂತೆಯೇ ಕಾಣುತ್ತಾರೆ.

ಈ ವಿಷಯವನ್ನು ನಾನು ಓದತೊಡಗಿದ್ದು ನನ್ನ ಅಕ್ಕನ ಮಗಳ ಮುಖ ಕೆಟ್ಟ ಮೇಲೆ. ಅವಳದು ಎದುರು ದಿಕ್ಕಿನ ಗೀಳು, ಬೆಳ್ಳಗಾಗುವ ಗೀಳು. ಮೊದಮೊದಲು ಅದನ್ನು ಮನೆಯಲ್ಲಿ ಎಲ್ಲರೂ ಶೋಕಿ ಎಂದೇ ತಿಳಿದಿದ್ದೆವು, ಗದರಿದ್ದೆವು. ಗದರಿಕೆಯಿಂದ ಏನೂ ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಚರ್ಮದೊಳಗೇ ಇದೆ. ದಿಕ್ಕು ಬೇರೆಯಾದರೂ ಈ ಎರಡೂ ಗೀಳುಗಳು ಬೇರೂರುವುದು ಮನಸ್ಸಿನಲ್ಲಿ ಮಾತ್ರವಲ್ಲ, ಶರೀರದಲ್ಲಿಯೂ ಹೌದು. ಒಮ್ಮೆ ಹಾಗೆ ಬೇರೂರಿದ ಮೇಲೆ ‘ಬಿಟ್ಟುಬಿಡು’ ಎಂಬ ಒಂದು ಮಾತಿಗೆ ಅವು ಬಗ್ಗುವುದಿಲ್ಲ.

ಮೊದಲು ಟ್ಯಾನ್ ಎಂದರೆ ಏನೆಂದು ನೋಡೋಣ. ಚರ್ಮದ ಮೇಲ್ಪದರದ ಬುಡದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳು ಅಲ್ಲಲ್ಲಿ ಕುಳಿತಿರುತ್ತವೆ. ಮೆಲನಿನ್ ಎಂಬ ಬಣ್ಣದ ಕಣಗಳನ್ನು ತಯಾರಿಸಿ, ತಮ್ಮ ಉದ್ದನೆಯ ಕವಲುಗಳ ಮೂಲಕ ಸುತ್ತಲಿನ ಜೀವಕೋಶಗಳಿಗೆ ಹಂಚುವುದು ಅವುಗಳ ಕೆಲಸ. ಒಂದೊಂದು ಮೆಲನೋಸೈಟ್ ಸುಮಾರು 36 ಜೀವಕೋಶಗಳಿಗೆ ಹೀಗೆ ಬಣ್ಣ ಒದಗಿಸುತ್ತದೆ. ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಕಣಗಳ ಪ್ರಮಾಣ, ಗಾತ್ರ ಮತ್ತು ಬಗೆಯಲ್ಲಿ. ಹಂಚಿಕೆಯಾದ ಕಣಗಳು ಜೀವಕೋಶದೊಳಗೆ ಎಲ್ಲೆಂದರಲ್ಲಿ ಚದುರಿ ಕೂರುವುದಿಲ್ಲ. ಡಿಎನ್‌ಎ ಇರುವ ಕೋಶಕೇಂದ್ರದ ಮೇಲೆ, ಬಿಸಿಲು ಬೀಳುವ ಬದಿಗೆ, ಟೊಪ್ಪಿಗೆಯಂತೆ ಕವಿದುಕೊಳ್ಳುತ್ತವೆ. ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುವವರು ತಲೆಗೆ ಟವೆಲ್ ಸುತ್ತಿಕೊಳ್ಳುವ ಹಾಗೆಯೇ ಪ್ರತಿಯೊಂದು ಜೀವಕೋಶವೂ ತನ್ನ ತಲೆ ಕಾಯ್ದುಕೊಳ್ಳುತ್ತದೆ. ನಮ್ಮ ಮೈಬಣ್ಣವೆಂದರೆ ಈ ಟೊಪ್ಪಿಗೆಗಳ ಒಟ್ಟು ಬಣ್ಣ.

ಬಿಸಿಲಿನ ನೇರಳಾತೀತ ಕಿರಣಗಳು ಚರ್ಮಕ್ಕೆ ಬಡಿದಾಗ ಮೇಲ್ಪದರದ ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟನ್ನು ಗುರುತಿಸುವ ಪಿ53 ಎಂಬ ಪ್ರೋಟೀನು, ಪಿಓಎಂಸಿ ಎಂಬ ಇನ್ನೊಂದು ದೊಡ್ಡ ಪ್ರೋಟೀನು ತಯಾರಾಗುವಂತೆ ಮಾಡುತ್ತದೆ. ಈ ಪಿಓಎಂಸಿ ತುಂಡಾದಾಗ ಅದರ ಒಂದು ತುಂಡು ಹಾರ್ಮೋನಾಗಿ ಮೆಲನೋಸೈಟ್‌ಗಳ ಬಳಿಗೆ ಹೋಗಿ, ಮೆಲನಿನ್ ಹೆಚ್ಚಿಸಬೇಕೆಂಬ ಸಂದೇಶ ಮುಟ್ಟಿಸುತ್ತದೆ. ಎರಡು ಮೂರು ದಿನಗಳಲ್ಲಿ ಚರ್ಮ ಕಪ್ಪಾಗುತ್ತದೆ. ಈ ಸರಣಿಯನ್ನು ಅಮೆರಿಕದ ವಿಜ್ಞಾನಿ ಡೇವಿಡ್ ಫಿಶರ್ ಮತ್ತು ಅವರ ತಂಡದವರು 2007ರಲ್ಲಿ ಬಿಡಿಸಿ ತೋರಿಸಿದರು. ಇದರಿಂದ ಸ್ಪಷ್ಟವಾಗುವ ಮಾತು ಇಷ್ಟು: ಟ್ಯಾನ್ ಆರೋಗ್ಯದ ಕಳೆಯಲ್ಲ, ಪೆಟ್ಟು ತಿಂದ ಮೇಲೆ ಚರ್ಮ ಕಟ್ಟಿಕೊಂಡ ಚಪ್ಪರ. ಪೆಟ್ಟು ಬೀಳದೆ ಆ ಚಪ್ಪರ ಏಳುವುದಿಲ್ಲ.

ಗೀಳಿನ ಮೂಲವಿರುವುದು ಅದೇ ಪಿಓಎಂಸಿಯ ಮತ್ತೊಂದು ತುಂಡಿನಲ್ಲಿ. ಅದರ ಹೆಸರು ಬೀಟಾ-ಎಂಡಾರ್ಫಿನ್. ಇದು ಶರೀರವೇ ತಯಾರಿಸಿಕೊಳ್ಳುವ, ಅಫೀಮಿನ ಗುಣದ ನೋವುನಿವಾರಕ. ಚರ್ಮದಲ್ಲಿ ಹುಟ್ಟಿದ ಎಂಡಾರ್ಫಿನ್ ರಕ್ತಕ್ಕೆ ಸೇರಿ, ಅಫೀಮು ಕೆಲಸ ಮಾಡುವ ಜಾಗಗಳಲ್ಲಿಯೇ ಕೆಲಸ ಮಾಡಬಲ್ಲದು. ಫಿಶರ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನಿನ ಕೂದಲು ತೆಗೆದ ಇಲಿಗಳಿಗೆ ವಾರಕ್ಕೆ ಐದು ದಿನದಂತೆ ಆರು ವಾರ ಸ್ವಲ್ಪ ಸ್ವಲ್ಪ ನೇರಳಾತೀತ ಬೆಳಕನ್ನು ತಾಗಿಸಲಾಯಿತು. ಮೊದಲ ವಾರದಲ್ಲೇ ಅವುಗಳ ರಕ್ತದಲ್ಲಿ ಎಂಡಾರ್ಫಿನ್ ಏರಿತು. ಆಮೇಲೆ ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧ ಕೊಟ್ಟಾಗ, ಇಲಿಗಳ ಮುಂಗಾಲುಗಳು ನಡುಗಿದವು, ಹಲ್ಲುಗಳು ಕಟಕಟಿಸಿದವು. ಮಾದಕ ವಸ್ತುವಿಗೆ ಒಗ್ಗಿದ ಜೀವಿಗೆ ಅದು ಇದ್ದಕ್ಕಿದ್ದಂತೆ ತಪ್ಪಿದಾಗ ಕಾಣುವ ಲಕ್ಷಣಗಳಿವು. ಅದಕ್ಕೂ ಮೊದಲು, 2006ರಲ್ಲಿ, ಪದೇ ಪದೇ ಟ್ಯಾನಿಂಗ್ ಮಾಡಿಸುತ್ತಿದ್ದ ಎಂಟು ಜನರಿಗೆ ಇದೇ ಜಾತಿಯ ನಾಲ್ಟ್ರೆಕ್ಸೋನ್ ಕೊಟ್ಟು ನೋಡಿದಾಗ ನಾಲ್ವರಿಗೆ ವಾಕರಿಕೆ, ತಳಮಳದಂಥ ತೊಂದರೆ ಕಾಣಿಸಿಕೊಂಡಿತ್ತು. ಅಪರೂಪಕ್ಕೊಮ್ಮೆ ಮಾಡಿಸುವವರಲ್ಲಿ ಹಾಗಾಗಲಿಲ್ಲ. ಎಂಟು ಜನರ ಅಧ್ಯಯನ ಬಹಳ ಚಿಕ್ಕದು, ಇಲಿಯ ಶರೀರ ಮನುಷ್ಯನ ಶರೀರವಲ್ಲ ಎಂಬ ಎಚ್ಚರ ಇರಲೇಬೇಕು. ಆದರೂ ಎರಡೂ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ. ದೀಪದ ಕೆಳಗೆ ಮಲಗಿ ಎದ್ದವರು ‘ಹಾಯೆನಿಸಿತು’ ಎಂದರೆ ಅದು ಬರೀ ಕಲ್ಪನೆಯಲ್ಲ.

ಬಿಸಿಲು ಕಾಯಿಸುವವರೆಲ್ಲರೂ ಗೀಳಿಗೆ ಬಿದ್ದವರಲ್ಲ. ಮಾಡಬೇಕೆಂದುಕೊಂಡದ್ದಕ್ಕಿಂತ ಹೆಚ್ಚು ಮಾಡುವುದು, ಬಿಡಲು ಹೋಗಿ ಸೋಲುವುದು, ಒಂದು ವಾರ ತಪ್ಪಿದರೆ ಚಡಪಡಿಸುವುದು, ಕೆಲಸ ಮತ್ತು ನೆಂಟಸ್ತಿಕೆಗಳನ್ನು ಅದಕ್ಕಾಗಿ ಬದಿಗಿಡುವುದು, ಎಷ್ಟು ಮಾಡುತ್ತೇನೆಂಬುದನ್ನು ಮನೆಯವರಿಂದ ಮುಚ್ಚಿಡುವುದು ಕಂಡುಬಂದಾಗ ತಜ್ಞರು ಅದನ್ನು ಗೀಳೆಂದು ನೋಡುತ್ತಾರೆ. ಕುಡಿತದ ಚಟವನ್ನು ಅಳೆಯುವ ಪ್ರಶ್ನಾವಳಿಗಳನ್ನೇ ಸ್ವಲ್ಪ ಬದಲಿಸಿ ಇದಕ್ಕೂ ಬಳಸಿದ್ದಾರೆ. ಅಮೆರಿಕದ ಮನೋವೈದ್ಯರು 2013ರಲ್ಲಿ ಪ್ರಕಟಿಸಿದ ರೋಗಪಟ್ಟಿಯಲ್ಲಿ ಟ್ಯಾನಿಂಗ್ ಗೀಳಿಗೆ ಪ್ರತ್ಯೇಕ ಹೆಸರಿಲ್ಲ. ಆದರೆ ಇಲ್ಲದ ಅಥವಾ ಎದ್ದು ಕಾಣದ ಕುಂದನ್ನು ತನ್ನ ರೂಪದಲ್ಲಿ ಕಂಡು ಸದಾ ಕೊರಗುವ ಕಾಯಿಲೆ ಅದರಲ್ಲಿದೆ. ಅದನ್ನು ಗೀಳು ರೋಗಗಳ ಗುಂಪಿನಲ್ಲಿಯೇ ಸೇರಿಸಲಾಗಿದೆ. ಹಾಗೆ ಕೊರಗುವವರಲ್ಲಿ ಕೆಲವರು ಆ ಕುಂದನ್ನು ಮರೆಸಲೆಂದೇ ಮೈ ಕಪ್ಪಾಗಿಸಿಕೊಳ್ಳುತ್ತಾರೆ. ಕನ್ನಡಿ ಮತ್ತು ಎಂಡಾರ್ಫಿನ್ ಎರಡೂ ಕಡೆಯಿಂದ ಹಿಡಿದವರ ಸ್ಥಿತಿ ನಿಜಕ್ಕೂ ಕಷ್ಟದ್ದು.

ಮೈ ಕಂದಾಗಿರುವುದು ಪಶ್ಚಿಮದಲ್ಲಿ ಮೊದಲಿನಿಂದಲೂ ಚೆಲುವೆನಿಸಿಕೊಂಡಿರಲಿಲ್ಲ. ಹೊಲದಲ್ಲಿ ದುಡಿಯುವವರು ಕಪ್ಪಗಾಗುತ್ತಿದ್ದ ಕಾಲದಲ್ಲಿ ಅಲ್ಲಿಯ ಸಿರಿವಂತ ಹೆಂಗಸರು ಕೊಡೆ, ಕೈಗವಸುಗಳಲ್ಲಿ ಬಣ್ಣ ಕಾಪಾಡಿಕೊಳ್ಳುತ್ತಿದ್ದರು. ದುಡಿಮೆ ಕಾರ್ಖಾನೆ, ಕಚೇರಿಗಳೊಳಗೆ ಸೇರಿದ ಮೇಲೆ ಬಿಳಿಚಿದ ಮುಖ ಕೂಲಿಯ ಗುರುತಾಯಿತು, ಕಂದು ಮುಖ ರಜೆ ಕಳೆಯಬಲ್ಲವರ ಗುರುತಾಯಿತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಬಂದದ್ದೂ ಬಿಸಿಲಿಗೆ ಆರೋಗ್ಯದ ಹೆಸರು ತಂದಿತು. 1920ರ ದಶಕದಲ್ಲಿ ಟ್ಯಾನ್ ಫ್ಯಾಷನ್ ಆಯಿತು. 1970ರ ದಶಕದ ಕೊನೆಗೆ ಟ್ಯಾನಿಂಗ್ ಹಾಸಿಗೆಗಳು ಪೇಟೆಗೆ ಇಳಿದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ ಈ ಹಾಸಿಗೆಗಳನ್ನು ತಂಬಾಕಿನ ಸಾಲಿನಲ್ಲೇ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದವುಗಳ ಮೊದಲ ಗುಂಪಿನಲ್ಲಿ ಇರಿಸಿತು. ಅದೇ ವರ್ಷ ಬ್ರೆಜಿಲ್ ಸೌಂದರ್ಯಕ್ಕಾಗಿ ಅವುಗಳ ಬಳಕೆಯನ್ನು ನಿಷೇಧಿಸಿತು. ಮುಂದೆ ಆಸ್ಟ್ರೇಲಿಯಾದ ರಾಜ್ಯಗಳೂ ಟ್ಯಾನಿಂಗ್ ಅಂಗಡಿಗಳನ್ನು ಮುಚ್ಚಿಸಿದವು.

ಇನ್ನು ನಮ್ಮ ಬಿಸಿಲಿಗೆ ಬರೋಣ. ದಾವಣಗೆರೆ, ಚಿತ್ರದುರ್ಗಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಇನ್ನೊಮ್ಮೆ, ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ಚಿತ್ರದುರ್ಗದ ಕೋಟೆಯಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಇಲ್ಲಿಯ ನೇರಳಾತೀತ ಸೂಚ್ಯಂಕ 11ನ್ನು ಮುಟ್ಟುತ್ತದೆ, ದಾಟುತ್ತದೆ. ಅದು ಅತಿ ಅಪಾಯದ ಮಟ್ಟ. ಚಳ್ಳಕೆರೆಯ ಶೇಂಗಾ ಹೊಲಗಳಲ್ಲಿ, ಹಿರಿಯೂರಿನ ಬಯಲಿನಲ್ಲಿ ತಲೆತಲಾಂತರದಿಂದ ಇಂಥ ಬಿಸಿಲಿಗೆ ಬೆನ್ನು ಕೊಟ್ಟವರ ಚರ್ಮಕ್ಕೆ ಮೆಲನಿನ್ ದಟ್ಟವಾಗಿರುವುದು ಕೊರತೆಯಲ್ಲ. ಪ್ರಯೋಗಾಲಯದ ಅಳತೆಯಂತೆ ದಟ್ಟ ಕಪ್ಪು ಚರ್ಮದ ಮೇಲ್ಪದರಕ್ಕೆ ಹುಟ್ಟಿನಿಂದಲೇ ಸುಮಾರು 13 ಎಸ್‌ಪಿಎಫ್‌ನಷ್ಟು (ಬಿಸಿಲಿನಿಂದ ಚರ್ಮ ಸುಡದಂತೆ ಸಿಗುವ ರಕ್ಷಣೆಯ ಅಳತೆ ಇದು) ರಕ್ಷಣೆ ಇದ್ದರೆ, ಬಿಳಿಯ ಚರ್ಮಕ್ಕೆ ಇರುವುದು 3ರ ಆಸುಪಾಸು. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ ಇರುವುದಕ್ಕೆ ಇದೊಂದು ಮುಖ್ಯ ಕಾರಣ. (ಅಪರೂಪವೆಂದ ಮಾತ್ರಕ್ಕೆ ಇಲ್ಲವೆಂದಲ್ಲ, ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಹೊಸದಾಗಿ ಕಪ್ಪು ಕಲೆ ಮೂಡಿ ಬೆಳೆಯುತ್ತಿದ್ದರೆ ತಡಮಾಡದೆ ತೋರಿಸಬೇಕು.)

ಹೀಗೆ ಚರ್ಮ ತಾನಾಗಿ ಕೊಟ್ಟಿರುವ ಕಾವಲನ್ನು ನಾವು ಹೆಣ್ಣು ನೋಡುವ ಶಾಸ್ತ್ರದಲ್ಲಿ ತೂಗುತ್ತೇವೆ. ‘ಗೋಧಿ ಬಣ್ಣ’, ‘ಎಣ್ಣೆಗೆಂಪು’, ‘ಲಕ್ಷಣವಾಗಿದಾಳೆ, ಬಣ್ಣ ಒಂದು ಸ್ವಲ್ಪ ಕಡಿಮೆ’ ಎಂಬ ಮಾತುಗಳು ಎಷ್ಟು ಸಲೀಸಾಗಿ ಬರುತ್ತವೆಂದರೆ ಆಡುವವರಿಗೆ ಅದು ನೋವಿನ ಮಾತೆಂದು ಅನಿಸುವುದೇ ಇಲ್ಲ. ರಜೆಗೆ ಬಂದ ಮೊಮ್ಮಗಳನ್ನು ನಮ್ಮ ಅವ್ವ ಪ್ರೀತಿಯಿಂದಲೇ ಬಾಗಿಲಲ್ಲಿ ನಿಲ್ಲಿಸಿ, ‘ಎಷ್ಟ್ ಕರ್ರಗಾಗೀಯವ್ವಾ, ಬಿಸ್ಲಾಗೆ ಅಡ್ಡಾಡ್ತೀಯೇನು?’ ಎಂದು ಕೇಳುತ್ತಿದ್ದಳು. ಹೊಲದ ಬಣ್ಣ ಬೇಡವೆಂಬ ಭಾವನೆ ಯುರೋಪಿನಲ್ಲಿ ದುಡಿಮೆಯ ಜಾಗ ಬದಲಾದಾಗ ತಿರುವು ಪಡೆಯಿತು. ನಮ್ಮಲ್ಲಿ ದುಡಿಮೆ ಇನ್ನೂ ಬಿಸಿಲಿನಲ್ಲೇ ಇದೆ, ಜಾತಿಯ ಲೆಕ್ಕಾಚಾರವೂ ಅದರೊಂದಿಗೆ ಬೆರೆತಿದೆ. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದದ್ದು ಈ ನೆಲಕ್ಕೆ. ಅದರ ಹೆಸರಿನಿಂದ ‘ಫೇರ್’ ಎಂಬ ಪದ 2020ರಲ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದಷ್ಟು ಬೇಗ ಮನೆಯ ಮಾತು ಬದಲಾಗಿಲ್ಲ.

ನನ್ನ ಅಕ್ಕನ ಮಗಳಿಗೆ ಮದುವೆ ಗೊತ್ತಾದಾಗ ಕೆನ್ನೆಯ ಮೇಲೆ ತೆಳ್ಳನೆಯ ಬಂಗು ಇತ್ತು. ಗೆಳತಿಯೊಬ್ಬಳು ಹೇಳಿದ ಒಂದು ಟ್ಯೂಬನ್ನು ಮೆಡಿಕಲ್ ಶಾಪಿನಲ್ಲಿ ಕೇಳಿದಳು, ಚೀಟಿಯಿಲ್ಲದೆಯೇ ಸಿಕ್ಕಿತು. ಹತ್ತು ದಿನದಲ್ಲಿ ಬಂಗು ತಿಳಿಯಾಯಿತು, ಮುಖ ನಿಜಕ್ಕೂ ಬೆಳ್ಳಗಾಯಿತು, ನೋಡಿದವರೆಲ್ಲ ಹೊಗಳಿದರು. ಎಂಟು ತಿಂಗಳು ಹಚ್ಚಿದಳು. ಒಮ್ಮೆ ಊರಿಗೆ ಬರುವಾಗ ಟ್ಯೂಬನ್ನು ಹಾಸ್ಟೆಲಿನಲ್ಲಿ ಮರೆತು ಬಂದಿದ್ದಳು. ಮೂರನೆಯ ದಿನಕ್ಕೆ ಮುಖವೆಲ್ಲ ಕೆಂಪೇರಿ, ಮೆಣಸಿನಪುಡಿ ಹಚ್ಚಿದಂತೆ ಉರಿಯತೊಡಗಿ, ಸಣ್ಣ ಸಣ್ಣ ಗುಳ್ಳೆಗಳೆದ್ದವು. ಒಲೆಯ ಹತ್ತಿರ ನಿಲ್ಲಲಾಗಲಿಲ್ಲ. ಬೆಳಕಿನಲ್ಲಿ ನೋಡಿದರೆ ಕೆನ್ನೆಯ ಚರ್ಮ ಈರುಳ್ಳಿಯ ಪೊರೆಯಷ್ಟು ತೆಳ್ಳಗೆ, ಅದರ ಕೆಳಗೆ ನೂಲಿನೆಳೆಯಂಥ ಕೆಂಪು ನರಗಳು ಕಾಣುತ್ತಿದ್ದವು. ಮತ್ತೊಂದು ಟ್ಯೂಬು ತರಿಸಿ ಹಚ್ಚಿದಳು, ಒಂದೇ ರಾತ್ರಿಯಲ್ಲಿ ಉರಿ ಇಳಿಯಿತು. ತನಗೆ ಆ ಮುಲಾಮೇ ಔಷಧಿಯೆಂದು ಅವಳು ನಂಬಿದ್ದು ಆ ರಾತ್ರಿ.

ಆ ಟ್ಯೂಬಿನಲ್ಲಿದ್ದದ್ದು ಚರ್ಮದ ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಈ ಬಗೆಯ ಮಿಶ್ರಣದ ಮೂಲ ಅಮೆರಿಕದ ಚರ್ಮರೋಗ ತಜ್ಞ ಕ್ಲಿಗ್‌ಮನ್ ಅವರ ಹೆಸರಿನಲ್ಲಿ 1975ರಲ್ಲಿ ಪ್ರಕಟವಾದ ಸೂತ್ರ. ಬಂಗಿಗೆ ಚರ್ಮರೋಗ ತಜ್ಞರ ಕಣ್ಣಳತೆಯಲ್ಲಿ, ಕೆಲವೇ ವಾರಗಳ ಮಟ್ಟಿಗೆ ಬಳಸಬೇಕಾದ ಔಷಧಿ ಅದು. ಸ್ಟೀರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಮೆಲನಿನ್ ತಯಾರಿಕೆಯನ್ನು ತಗ್ಗಿಸುತ್ತದೆ, ಉರಿಯೂತವನ್ನು ಅಡಗಿಸುತ್ತದೆ. ಹೀಗಾಗಿ ಮುಖ ಬೇಗ ತಿಳಿಯಾಗಿ, ನುಣುಪಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಮುಂದುವರಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಗದ್ದ ಕೆನ್ನೆಗಳಲ್ಲಿ ಕೂದಲು ಬೆಳೆಯುತ್ತದೆ. ಬಿಗಿದಿದ್ದ ರಕ್ತನಾಳಗಳು ಮುಲಾಮು ನಿಂತ ಕೂಡಲೇ ಸಡಿಲಗೊಂಡು ಹಿಗ್ಗುತ್ತವೆ, ಅಡಗಿದ್ದ ಉರಿಯೂತ ಒಟ್ಟಿಗೇ ಮೇಲೇಳುತ್ತದೆ. ಹೈಡ್ರೋಕ್ವಿನೋನ್ ಅನ್ನು ವರ್ಷಗಟ್ಟಲೆ ಹಚ್ಚಿದವರಲ್ಲಿ ಕೆಲವರಿಗೆ ಹೋಗಲೊಲ್ಲದ ನೀಲಿಗಪ್ಪು ಕಲೆಗಳು ಕೂರುತ್ತವೆ. ಬೆಳ್ಳಗಾಗಲು ಹೊರಟವರು ಮೊದಲಿಗಿಂತ ಕಪ್ಪಾಗುವುದು ಹೀಗೆ.

ಸ್ಟೀರಾಯ್ಡ್‌ನಿಂದ ಹಾಳಾದ ಮುಖಕ್ಕೆ ನಮ್ಮ ದೇಶದ ಚರ್ಮರೋಗ ತಜ್ಞರು ಪ್ರತ್ಯೇಕ ಹೆಸರನ್ನೇ ಇಟ್ಟು ಒಂದೂವರೆ ದಶಕಕ್ಕೂ ಹೆಚ್ಚು ಕಾಲವಾಯಿತು. ಅಷ್ಟು ಮಂದಿ ಅವರ ಬಳಿಗೆ ಬರುತ್ತಿದ್ದಾರೆ. ಅವರ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಇದ್ದರೂ ಹುಳುಕಡ್ಡಿಗೆ, ಮೊಡವೆಗೆ, ಬಂಗಿಗೆ, ಬರೀ ಬಣ್ಣಕ್ಕೆ ಎಂದು ಟ್ಯೂಬುಗಳು ಕೈಯಿಂದ ಕೈಗೆ ದಾಟುತ್ತಲೇ ಇವೆ. ಹೀಗಾಗಿ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದನ್ನು ನಾವೇ ಕಲಿಯಬೇಕಾಗಿದೆ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್. ವೈದ್ಯರು ಮುಖಕ್ಕೆಂದು ಬರೆದುಕೊಡದೆ ಹಚ್ಚುವಂಥದ್ದಲ್ಲ. ಹೆಸರು, ವಿಳಾಸ, ಒಳಗಿರುವುದರ ಪಟ್ಟಿ ಇವೊಂದೂ ಇಲ್ಲದ ಡಬ್ಬಿಗಳಲ್ಲಿ ಬರುವ ಬಿಳುಪಿನ ಕ್ರೀಮುಗಳಂತೂ ಇನ್ನೂ ಅಪಾಯ, ಏಕೆಂದರೆ ಅವುಗಳಲ್ಲಿ ಪಾದರಸ ಇರಬಹುದು. ಪಾದರಸ ಮೆಲನಿನ್ ತಯಾರಾಗುವುದನ್ನು ತಡೆಯುತ್ತದೆ, ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಒಬ್ಬರ ಹಿಂದೆ ಒಬ್ಬರು ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆಯಿಂದ ಬಂದಾಗ ವೈದ್ಯರು ಹುಡುಕುತ್ತ ಹೋಗಿ ತಲುಪಿದ್ದು ಇಂಥ ಕ್ರೀಮುಗಳಿಗೆ.

ಎರಡು ಗೀಳುಗಳ ನಡುವಿನ ಹೋಲಿಕೆಯನ್ನು ಎಲ್ಲಿಯವರೆಗೆ ಒಯ್ಯಬಹುದೋ ಅಲ್ಲಿಗೇ ನಿಲ್ಲಿಸಬೇಕು. ಟ್ಯಾನಿಂಗ್‌ನಲ್ಲಿ ಎಂಡಾರ್ಫಿನ್ ಮಿದುಳಿಗೆ ಹಿತ ಕೊಟ್ಟು ಮತ್ತೆ ಕರೆಯುತ್ತದೆ; ಸ್ಟೀರಾಯ್ಡ್ ಮುಲಾಮಿನಲ್ಲಿ ಚರ್ಮವೇ ಅದಕ್ಕೆ ಒಗ್ಗಿ, ತಪ್ಪಿದಾಗ ಉರಿದು ಕಾಡುತ್ತದೆ. ಒಂದು ಸುಖದ ಎಳೆತ, ಇನ್ನೊಂದು ನೋವಿನ ಹೆದರಿಕೆ. ಆದರೆ ಎರಡರಲ್ಲೂ ಹಾನಿ ಮಾಡಿದ್ದೇ ಪರಿಹಾರದಂತೆ ತೋರುತ್ತದೆ, ಎರಡರಲ್ಲೂ ಕನ್ನಡಿ ಸಾಕೆನ್ನುವುದಿಲ್ಲ. ಹೀಗಿರುವಾಗ ‘ನಿನಗೆ ಬುದ್ಧಿಯಿಲ್ಲವೇ’ ಎಂದು ಗದರುವವರು ಮಾಡುವುದು ಒಂದೇ ಕೆಲಸ: ಮುಲಾಮನ್ನು ಬಚ್ಚಿಡುವಂತೆ ಮಾಡುವುದು. ನಾವೂ ಅದನ್ನೇ ಮಾಡಿದ್ದೆವು. ಅವಳು ಟ್ಯೂಬನ್ನು ಪೌಡರ್ ಡಬ್ಬಿಯೊಳಗೆ ಇಡತೊಡಗಿದ್ದಳು.

ಬಿಸಿಲಿಗೆ ಬಂದ ಕಪ್ಪಿನ ಮಟ್ಟಿಗೆ ಹೇಳುವುದಾದರೆ, ಅದನ್ನು ತೆಗೆಸಬೇಕಾಗಿಯೇ ಇಲ್ಲ. ಮೇಲ್ಪದರದ ಜೀವಕೋಶಗಳು ಬುಡದಿಂದ ಹುಟ್ಟಿ ಮೇಲಕ್ಕೇರಿ ಉದುರಿಹೋಗಲು ನಾಲ್ಕರಿಂದ ಆರು ವಾರ ಸಾಕು. ಬಿಸಿಲು ತಪ್ಪಿದರೆ ಬಣ್ಣದ ಕಣಗಳೂ ಅವುಗಳ ಜೊತೆಗೇ ಹೋಗುತ್ತವೆ. ಪಾರ್ಲರಿನ ಬ್ಲೀಚ್ ಮುಖ್ಯವಾಗಿ ಮುಖದ ನವಿರು ಕೂದಲಿನ ಬಣ್ಣ ತೆಗೆದು ಮುಖ ತಿಳಿಯಾದಂತೆ ತೋರಿಸುತ್ತದೆ. ಹೊಸದಾಗಿ ಕಪ್ಪಾಗದಿರಲು ತುಂಬುತೋಳು, ಕೊಡೆ, ಟವೆಲ್ ಮತ್ತು 30 ಅಥವಾ ಅದಕ್ಕಿಂತ ಹೆಚ್ಚಿನ ಎಸ್‌ಪಿಎಫ್ ಇರುವ ಸನ್‌ಸ್ಕ್ರೀನ್ ಉಪಯುಕ್ತ. ನೇರಳಾತೀತದಲ್ಲಿ ಎ ಎಂಬ ಬಗೆ ಗಾಜನ್ನು ದಾಟುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನವೂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಹೋಗುವವರ ಒಂದೇ ಕೈ ಕಪ್ಪಾಗುವುದು ಅದರಿಂದಲೇ. ಹಾಗೆಂದು ಬಿಸಿಲನ್ನೇ ಬಿಡುವುದು ಬೇಡ. ವಿಟಮಿನ್ ಡಿ ತಯಾರಾಗಲು ಬಿಸಿಲು ಬೇಕು, ಕಪ್ಪು ಚರ್ಮಕ್ಕೆ ಅದು ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬೇಕು.

ಸ್ಟೀರಾಯ್ಡ್ ಹಚ್ಚಿ ಒಗ್ಗಿಹೋದವರು ಈ ಲೇಖನ ಓದಿದ ಹೆದರಿಕೆಯಲ್ಲಿ ನಾಳೆಯೇ ಅದನ್ನು ನಿಲ್ಲಿಸಿ, ಉರಿ ತಾಳಲಾರದೆ ನಾಡಿದ್ದು ಮತ್ತೆ ಹಚ್ಚಬಾರದೆಂದು ನನ್ನ ಕಳಕಳಿಯ ವಿನಂತಿ. ಚರ್ಮರೋಗ ತಜ್ಞರು ಮುಖದ ಸ್ಥಿತಿ ನೋಡಿ ಒಮ್ಮೆಲೇ ನಿಲ್ಲಿಸಬೇಕೋ, ತೀವ್ರತೆ ಕಡಿಮೆಯಿರುವ ಸ್ಟೀರಾಯ್ಡ್‌ಗೆ ಇಳಿಸಿ ಹಂತಹಂತವಾಗಿ ಬಿಡಿಸಬೇಕೋ ಎಂದು ತೀರ್ಮಾನಿಸುತ್ತಾರೆ. ಉರಿ ತಣಿಸಲು ಟ್ಯಾಕ್ರೋಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮುಗಳಿವೆ. ಚೇತರಿಕೆಗೆ ತಿಂಗಳುಗಳೇ ಹಿಡಿಯುತ್ತವೆ, ಮೊದಲ ಕೆಲವು ವಾರಗಳು ಕಠಿಣ. ಕನ್ನಡಿಯ ಕೊರಗು ಬಿಡದಿದ್ದರೆ ಮನೋವೈದ್ಯರ ನೆರವನ್ನೂ ಪಡೆಯಬೇಕು. ಯೋಚನೆಯ ಜಾಡನ್ನು ತಿದ್ದುವ ಮಾತಿನ ಚಿಕಿತ್ಸೆಯೂ ಔಷಧಿಗಳೂ ಅದಕ್ಕಿವೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ವೈದ್ಯರ ಬಳಿಗೆ ಹೋಗುವಾಗ ಹಚ್ಚಿದ ಟ್ಯೂಬುಗಳನ್ನು ಒಯ್ಯುವುದು ಮುಖ್ಯ, ಏಕೆಂದರೆ ಯಾವ ಸ್ಟೀರಾಯ್ಡ್, ಎಷ್ಟು ತೀವ್ರತೆಯದು, ಎಷ್ಟು ಕಾಲ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ನಾಚಿಕೆಯಿಂದ ‘ಏನೋ ಕ್ರೀಮು’ ಎಂದರೆ ವೈದ್ಯರಿಗೆ ದಾರಿ ತಿಳಿಯುವುದಿಲ್ಲ. ನಮ್ಮ ಹುಡುಗಿ ಐದು ಖಾಲಿ ಟ್ಯೂಬುಗಳನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ತಂದಿದ್ದಳು. ವೈದ್ಯೆ ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಯಾವುದು ಮೊದಲು ಕೊಂಡದ್ದು ಎಂದು ಕೇಳುತ್ತ, ಒಂದೊಂದನ್ನೇ ಬೆಳಕಿಗೆ ಹಿಡಿದು ಹೆಸರು ಬರೆದುಕೊಂಡರು.